ಅತ್ತೆಯ ಫ್ರಿಜ್ಜಿನಲ್ಲಿ ನನ್ನ ಇಂಜೆಕ್ಷನ್

ಡಾಕ್ಟರು ಹೇಳಿದ್ದು ಸರಳವಾಗಿತ್ತು. ಮುಟ್ಟಾದ ಎರಡನೇ ದಿನ ಬೆಳಿಗ್ಗೆ ಬನ್ನಿ, ರಕ್ತ ಕೊಡಿ, ಸ್ಕ್ಯಾನ್ ಮಾಡಿಸಿ, ಎಲ್ಲ ಸರಿಯಿದ್ದರೆ ಅವತ್ತು ಸಂಜೆಯಿಂದಲೇ ಹಾರ್ಮೋನ್ ಇಂಜೆಕ್ಷನ್ ಶುರು. ಪೆನ್ನಿನ ಥರ ಇರುತ್ತೆ, ದಿನವೂ ಒಂದೇ ಹೊತ್ತಿಗೆ ನೀವೇ ಹೊಟ್ಟೆಗೆ ಚುಚ್ಚಿಕೊಳ್ಳಬೇಕು, ಮನೆಯಲ್ಲಿ ಫ್ರಿಜ್ಜಿನಲ್ಲಿಡಿ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಕ್ಲಿನಿಕ್ಕಿನ ಮೆಟ್ಟಿಲಿಳಿದು, ಹೊಸೂರು ರಸ್ತೆಯ ಗದ್ದಲಕ್ಕೆ ಬಂದು, ಗಂಡನ ಬೈಕಿನ ಹಿಂದೆ ಕೂತ ಮೇಲೆ ತಲೆಗೆ ಹೊಳೆಯಿತು. ನಮ್ಮ ಫ್ರಿಜ್ಜಿರುವುದು ಅಡುಗೆಮನೆಯಲ್ಲಿ. ಮುಟ್ಟಾದ ಎರಡನೇ ದಿನ ನಾನು ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ.

"ರೀ, ಗಾಡಿ ನಿಲ್ಸಿ," ಅಂದೆ.

"ಏನಾಯ್ತೇ? ಏನಾದ್ರೂ ಮರ್ತು ಬಂದ್ಯಾ?"

"ನಾನೇನೂ ಮರ್ತಿಲ್ಲ. ಆ ಡಾಕ್ಟ್ರಮ್ಮನಿಗೆ ನಿಮ್ಮಮ್ಮನ ಪರಿಚಯ ಇಲ್ಲ, ಅಷ್ಟೇ."

ಗಂಡ ನಕ್ಕ. ಅವನಿಗೇನು, ನಗುತ್ತಾನೆ. ಅವನು ಹುಟ್ಟಿದ ಮನೆ, ಅವನಿಗೆ ವರ್ಷದ ಎಲ್ಲ ದಿನವೂ ಅಡುಗೆಮನೆಯ ಬಾಗಿಲು ತೆರೆದೇ ಇರುತ್ತದೆ.

ನಮ್ಮದು ಬೊಮ್ಮಸಂದ್ರದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡಿರುವ ಹಳೇ ಊರು. ಅತ್ತೆ ಮದುವೆಯಾಗಿ ಬಂದಾಗ ಮನೆಯ ಮುಂದೆ ರಾಗಿ ಹೊಲವಿತ್ತಂತೆ. ನಾನು ಬರುವ ಹೊತ್ತಿಗೆ ಅಲ್ಲಿ ಸಾಲಾಗಿ ಬಾಡಿಗೆ ಕೋಣೆಗಳೆದ್ದಿದ್ದವು. ಒಡಿಶಾದಿಂದ, ಬಿಹಾರದಿಂದ, ನಮ್ಮದೇ ರಾಯಚೂರಿನಿಂದ ಬಂದ ಹುಡುಗರು ಶಿಫ್ಟಿಗೊಬ್ಬರಂತೆ ಅಲ್ಲಿ ಮಲಗಿ ಏಳುತ್ತಾರೆ. ಹಿತ್ತಿಲ ಕೊಟ್ಟಿಗೆ ಈಗ ಅವರ ಬೈಕು ನಿಲ್ಲಿಸುವ ಜಾಗ. ಅಲ್ಲಿ ಒಂದು ಕಾಲದಲ್ಲಿ ಸೀಮೆ ಹಸುಗಳಿದ್ದವು, ಅತ್ತೆ ಡೇರಿಗೆ ಹಾಲು ಹಾಕುತ್ತಿದ್ದರು ಅನ್ನುವುದಕ್ಕೆ ಈಗ ಉಳಿದಿರುವ ಸಾಕ್ಷಿಯೆಂದರೆ ಗೋಡೆಯ ಒಂದು ಗೂಟ. ಆ ಗೂಟಕ್ಕೆ ಹುಡುಗರು ಹೆಲ್ಮೆಟ್ ನೇತುಹಾಕುತ್ತಾರೆ. ಅದನ್ನು ಕೀಳಲು ಅತ್ತೆ ಇವತ್ತಿನವರೆಗೂ ಬಿಟ್ಟಿಲ್ಲ.

ನಾನು ಅಲ್ಲೇ ಹತ್ತಿರದ ಔಷಧಿ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮಾತ್ರೆ, ಬಾಟಲಿ ಏನೇ ತಯಾರಾದರೂ ನಮ್ಮ ಲ್ಯಾಬು ಸೈ ಅನ್ನದೆ ಗೇಟು ದಾಟುವಂತಿಲ್ಲ. ಕೋಲ್ಡ್ ರೂಮಿನ ತಾಪಮಾನ ಕೊಂಚ ಆಚೀಚೆ ಆದರೂ ಇಡೀ ಲಾಟನ್ನು ತಡೆಹಿಡಿಯುವವಳು ನಾನು. ಪ್ಯಾಕಿಂಗ್‌ನವರು ನನ್ನನ್ನು ಕಂಡರೆ ಮುಖ ಸಿಂಡರಿಸುತ್ತಾರೆ. ನನ್ನ ಬಾಯಿ ಜೋರು ಅಂತಲೂ ಹೇಳುತ್ತಾರೆ, ಅದು ಸುಳ್ಳಲ್ಲ.

ಹಾಗಿದ್ದವಳು ಮನೆಯಲ್ಲಿ ಯಾಕೆ ಬಾಯಿ ಮುಚ್ಚಿಕೊಂಡು ಹೊರಗೆ ಕೂರುತ್ತಿದ್ದೆ ಅಂತ ನೀವು ಕೇಳಬಹುದು. ಲ್ಯಾಬಿನ ಹುಡುಗಿಯರೂ ಕೇಳುತ್ತಿದ್ದರು. ಒಂದೇ ಸೂರಿನಡಿ ಬದುಕಿ ನೋಡಿ, ಆಮೇಲೆ ಮಾತಾಡೋಣ ಅನ್ನುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಒಂದು ಸಲ ಜಗಳವಾಡಿದ್ದೆ. ಅತ್ತೆ ಎದುರು ಮಾತಾಡಲಿಲ್ಲ, ಎರಡು ಹೊತ್ತು ಊಟ ಬಿಟ್ಟರು. ಅಲ್ಲಿಗೆ ಜಗಳ ಮುಗಿಯಿತು. ಅಡುಗೆಮನೆಯ ಮೂಲೆಯಲ್ಲೇ ದೇವರ ಗೂಡಿದೆ, ಅದಕ್ಕೇ ಆ ಕಟ್ಟುನಿಟ್ಟು. ಉಳಿದಂತೆ ಅವರದೇನೂ ಕಾಟವಿಲ್ಲ. ನಡುಮನೆಯಲ್ಲಿ ಕೂರು, ಟಿ.ವಿ. ನೋಡು, ಕೆಲಸಕ್ಕೆ ಹೋಗು, ಅಡುಗೆಮನೆಗೆ ಮಾತ್ರ ಬರಬೇಡ, ನನ್ನನ್ನು ಮುಟ್ಟಬೇಡ. ತವರಿನಲ್ಲಿ ಮೂರು ದಿನ, ಇಲ್ಲಿ ಐದು ದಿನ. ನಿಜ ಹೇಳುತ್ತೇನೆ, ಲ್ಯಾಬಿನಲ್ಲಿ ದಿನವಿಡೀ ನಿಂತು ಬಂದವಳಿಗೆ ಕೂತಲ್ಲಿಗೆ ಕಾಫಿ ಬಂದರೆ, ಬಿಸಿ ಮುದ್ದೆ ಬಂದರೆ, ಎಷ್ಟು ದಿನ ಅಂತ ತತ್ವ ಮಾತಾಡಲು ಸಾಧ್ಯ? ಸುಖವಾಗಿಯೇ ಇರುತ್ತಿತ್ತು. ಅವಮಾನವೂ ಆಗುತ್ತಿತ್ತು. ಎರಡೂ ಒಟ್ಟಿಗೇ ಇದ್ದವು.

ಆದರೆ ಈ ಸಲದ ಮಾತು ಬೇರೆಯಾಗಿತ್ತು. ನನಗೆ ಮೂವತ್ತೈದು ದಾಟಿತ್ತು. ಮಾತ್ರೆ ನುಂಗಿ, ಇನ್ನೂ ಸಣ್ಣಪುಟ್ಟ ಚಿಕಿತ್ಸೆಗಳನ್ನೆಲ್ಲ ಮಾಡಿಸಿ ಮುಗಿದಿತ್ತು. ಎ.ಎಂ.ಎಚ್. ಅಂತ ಒಂದು ಹಾರ್ಮೋನಿದೆ. ಅಂಡಾಶಯದಲ್ಲಿ ಇನ್ನೆಷ್ಟು ಮೊಟ್ಟೆ ಉಳಿದಿರಬಹುದು ಅನ್ನುವುದಕ್ಕೆ ಅದೊಂದು ಅಂದಾಜು. ನನ್ನದು ವಯಸ್ಸಿಗೆ ತಕ್ಕಷ್ಟಿರಲಿಲ್ಲ, ತೀರಾ ಕಮ್ಮಿ. ಡಾಕ್ಟರು ರಿಪೋರ್ಟು ತಿರುವಿಹಾಕಿ, ಕನ್ನಡಕ ತೆಗೆದು ನನ್ನ ಮುಖ ನೋಡಿ ಹೇಳಿದ್ದರು. "ನೋಡಮ್ಮ, ನಿಮ್ಮ ಸ್ವಂತ ಮೊಟ್ಟೆಯಿಂದ ಒಂದು ಐವಿಎಫ್ ಪ್ರಯತ್ನ ಮಾಡೋಣ. ಇಂಜೆಕ್ಷನ್ನಿಗೆ ಓವರಿ ಸ್ಪಂದಿಸ್ತು ಅಂದ್ರೆ ಸಂತೋಷ. ಸ್ಪಂದಿಸ್ಲಿಲ್ಲ ಅಂದ್ರೆ ಮತ್ತೆ ಮತ್ತೆ ಮಾಡಿ ನಿಮ್ಮನ್ನ ಗೋಳಾಡಿಸಲ್ಲ. ದಾನಿಯ ಮೊಟ್ಟೆ ಬಗ್ಗೆ ಯೋಚನೆ ಮಾಡೋಣ." ಹೀಗೆ ನನ್ನ ಪಾಲಿಗೆ ಉಳಿದಿದ್ದು ಒಂದೇ ಅವಕಾಶ.

ಸಂಜೆ ಮನೆಗೆ ಬಂದಾಗ ಅತ್ತೆ ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎದುರಿಗೆ ಕೂತು, ಹೀಗೀಗೆ ಅಂತ ಎಲ್ಲ ಹೇಳಿದೆ. ಎರಡನೇ ದಿನ, ಫ್ರಿಜ್ಜು, ದಿನವೂ ಸಂಜೆ. ಗಂಡನಿಗೆ ಸೆಕೆಂಡ್ ಶಿಫ್ಟು, ಸಂಜೆ ಮನೆಯಲ್ಲಿರುವುದಿಲ್ಲ. ಏನು ರಾದ್ಧಾಂತವಾಗುತ್ತದೋ ಅಂತ ನಾನು ಸೊಂಟ ಕಟ್ಟಿಕೊಂಡೇ ಕೂತಿದ್ದೆ.

ಅತ್ತೆ ಕೈ ನಿಲ್ಲಿಸಲೂ ಇಲ್ಲ. "ಅದ್ಕೇನಂತೆ? ನಾನಿಲ್ವಾ? ನಾನು ಎತ್ಕೊಟ್ರೆ ಆಯ್ತಪ್ಪ."

"ಹುಷಾರಾಗಿ ಇಡ್ಬೇಕತ್ತೆ. ಬಿಸಿ ತಗುಲಿದ್ರೆ ಕೆಟ್ಟೋಗುತ್ತೆ. ತಣ್ಣಗಿರ್ಬೇಕು."

ಈಗ ಕೈ ನಿಂತಿತು. ಒಂದು ಗಳಿಗೆ ನನ್ನನ್ನೇ ನೋಡಿದರು. "ಮಗೀಗೆ ಕೊಡೋ ಸೂಜಿ ತಾನೆ? ಊಂ, ಗೊತ್ತು ಬುಡು."

ಏನು ಗೊತ್ತು ಅಂತ ನಾನು ಕೇಳಲಿಲ್ಲ. ಅತ್ತೆ ಯಾವುದಕ್ಕಾದರೂ ಗೊತ್ತು ಬುಡು ಅನ್ನುವವರೇ.

ಮುಟ್ಟಾಯಿತು. ಎರಡನೇ ದಿನ ಬೆಳಿಗ್ಗೆ ರಕ್ತ ಕೊಟ್ಟು, ಸ್ಕ್ಯಾನ್ ಮಾಡಿಸಿ ಬಂದೆವು. ಆ ದಿನ ಹಾರ್ಮೋನುಗಳೆಲ್ಲ ತಳಮಟ್ಟದಲ್ಲಿರಬೇಕಂತೆ, ಇದ್ದವು. ಎರಡೂ ಅಂಡಾಶಯಗಳಲ್ಲಿ ಪುಟ್ಟ ಪುಟ್ಟ ಚೀಲಗಳು ಕಂಡವು. ಒಂದೊಂದು ಚೀಲದಲ್ಲಿ ಒಂದೊಂದು ಮೊಟ್ಟೆ, ಇಂಜೆಕ್ಷನ್ನು ಅವುಗಳನ್ನು ಎಬ್ಬಿಸಿ ಒಟ್ಟಿಗೆ ಬೆಳೆಸಬೇಕು. ಸುಮ್ಮನೆ ಬಿಟ್ಟರೆ ಮೈ ತಿಂಗಳಿಗೆ ಒಂದನ್ನು ಮಾತ್ರ ಬೆಳೆಸಿ ಉಳಿದವನ್ನು ಕೈಬಿಡುತ್ತದೆ. "ಕಮ್ಮಿ ಇವೆ, ಆದ್ರೆ ಇವೆ," ಅಂದರು ಡಾಕ್ಟರು. ಆ 'ಇವೆ' ಅನ್ನುವ ಮಾತನ್ನೇ ಹಿಡಿದುಕೊಂಡು ಮನೆಗೆ ಬಂದೆ. ಗಂಡ ಐಸ್ ಪ್ಯಾಕಿನಲ್ಲಿ ತಂದ ಪೆನ್ನುಗಳ ಡಬ್ಬಿಯನ್ನು ಹೊಸ್ತಿಲಲ್ಲಿ ಅತ್ತೆಗೆ ಕೊಟ್ಟ. ಅತ್ತೆ ಸೆರಗಿಗೆ ಕೈಯೊರೆಸಿಕೊಂಡು, ದೇವಸ್ಥಾನದ ಪ್ರಸಾದ ತೆಗೆದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡರು.

ಅವತ್ತು ದೀಪ ಹಚ್ಚುವ ಹೊತ್ತಿಗೆ ಸ್ನಾನ ಮಾಡಿ ನಡುಮನೆಯಲ್ಲಿ ಕೂತೆ. ಅತ್ತೆ ದೇವರಿಗೆ ದೀಪ ಹಚ್ಚಿ, ಡಬ್ಬಿಯನ್ನು ತಂದು ಸ್ಟೂಲಿನ ಮೇಲಿಟ್ಟು ಹಿಂದೆ ಸರಿದರು. ಕೈಗೆ ಕೊಡುವಂತಿಲ್ಲವಲ್ಲ. ನಾನು ಪೆನ್ನು ತೆಗೆದೆ. ಡೋಸಿನ ಅಂಕಿಗೆ ತಿರುಗಿಸಿ, ಸೂಜಿ ಸಿಕ್ಕಿಸಿ, ಹೊಟ್ಟೆಯ ಚರ್ಮ ಹಿಡಿದೆ. ಚುಚ್ಚಲು ಹೋಗಿ ಸೂಜಿ ಹಿಂದಕ್ಕೆ ತೆಗೆದೆ. ಊರಿಗೆಲ್ಲ ಔಷಧಿ ಪರೀಕ್ಷೆ ಮಾಡುವವಳಿಗೆ ತನ್ನ ಹೊಟ್ಟೆಗೆ ಕೂದಲಿನಷ್ಟು ತೆಳ್ಳಗಿನ ಸೂಜಿ ಚುಚ್ಚಿಕೊಳ್ಳಲು ಧೈರ್ಯವಿಲ್ಲ! ಅತ್ತೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

"ಆಯ್ತಾ?"

"ಇನ್ನೂ ಇಲ್ಲತ್ತೆ."

"ಈಗ ಆಯ್ತಾ?"

"ಅತ್ತೆ, ನೀವು ಸುಮ್ನಿದ್ರೆ ಆಗುತ್ತೆ!"

ಕೊನೆಗೂ ಚುಚ್ಚಿದೆ. ಅಂಥ ನೋವೇನಿಲ್ಲ. ಪೆನ್ನು ಕೈಗೆ ಬೆಚ್ಚಗಿತ್ತು, ಡಬ್ಬಿಯ ಅಂಚು ಒದ್ದೆಯಾಗಿತ್ತು. ಚುಚ್ಚುವ ಮೊದಲು ಸ್ವಲ್ಪ ಹೊತ್ತು ಆಚೆ ಇಟ್ಟರೆ ಉರಿ ಕಮ್ಮಿ ಅಂತ ನರ್ಸಮ್ಮ ಹೇಳಿದ್ದು ನನಗೆ ನೆನಪಿತ್ತು. ಪರವಾಗಿಲ್ವೇ, ಅತ್ತೆ ಎಷ್ಟು ಅಚ್ಚುಕಟ್ಟಾಗಿ ಮುಂಚೆಯೇ ತೆಗೆದಿಟ್ಟಿದ್ದಾರೆ ಅಂದುಕೊಂಡೆ. ಒದ್ದೆಯಾಗಿದ್ದು ಫ್ರಿಜ್ಜಿನ ಬೆವರು ಇರಬೇಕು ಅಂದುಕೊಂಡೆ. ಮರುದಿನವೂ ಹಾಗೆಯೇ ಇತ್ತು, ಅದರ ಮರುದಿನವೂ.

ಆ ದಿನಗಳಲ್ಲಿ ನನಗೊಂಥರ ಹುಚ್ಚು ಹಿಡಿದಿತ್ತು. ಲ್ಯಾಬಿನಲ್ಲಿ ಮಿಶನ್ನಿನ ಮುಂದೆ ನಿಂತಿದ್ದಾಗಲೂ ಕೈ ಹೊಟ್ಟೆಯ ಮೇಲಿರುತ್ತಿತ್ತು. ಹೊಟ್ಟೆ ಭಾರ ಅನಿಸುತ್ತೆ, ಉಬ್ಬರಿಸುತ್ತೆ ಅಂತ ಕ್ಲಿನಿಕ್ಕಿನಲ್ಲಿ ಕೂತಿದ್ದ ಹೆಂಗಸರು ಹೇಳಿದ್ದರು. ನನಗೆ ಏನೂ ಅನಿಸುತ್ತಿರಲಿಲ್ಲ. ಆದರೂ ಬಲಗಡೆ ಏನೋ ಚುಳ್ ಅಂದ ಹಾಗಾಯಿತು, ಎಡಗಡೆ ಏನೋ ಎಳೆದ ಹಾಗಾಯಿತು ಅಂತ ನಾನೇ ಕಲ್ಪಿಸಿಕೊಳ್ಳುತ್ತಿದ್ದೆ. ಅತ್ತೆ ದಿನಕ್ಕೊಂದು ಸೊಪ್ಪು, ಬೇಯಿಸಿದ ಮೊಟ್ಟೆ ಅಂತ ತಂದು ತಂದು ಸ್ಟೂಲಿನ ಮೇಲಿಡುತ್ತಿದ್ದರು. "ತಿನ್ನು, ಒಳಗೆ ಬೆಳೀಬೇಕು ಅಂದ್ರೆ ಒಳಕ್ಕೆ ಓಗ್ಬೇಕು," ಅನ್ನುತ್ತಿದ್ದರು.

ಮುಟ್ಟಿನ ಆರನೇ ದಿನ ತಲೆಗೆ ನೀರು ಹಾಕಿಕೊಂಡು ಕ್ಲಿನಿಕ್ಕಿಗೆ ಹೋದೆ. ಅವತ್ತು ಗಂಡನಿಗೆ ಓವರ್‌ಟೈಮು, ನನ್ನನ್ನು ಬಿಟ್ಟು ಬೆಳಿಗ್ಗೆಯೇ ಕೆಲಸಕ್ಕೆ ಹೋದ. ಕತ್ತಲೆ ಕೋಣೆಯಲ್ಲಿ ಮಲಗಿ ಪರದೆ ನೋಡುತ್ತಿದ್ದೆ. ನಾಲ್ಕು ಸಲ ಸ್ಕ್ಯಾನ್ ಮಾಡಿಸಿಕೊಂಡ ಯಾವ ಹೆಂಗಸಿಗೂ ಅರ್ಧ ಡಾಕ್ಟರಿಕೆ ಬಂದುಬಿಡುತ್ತದೆ. ಆ ಕಪ್ಪು ಚೀಲಗಳು ಮೊದಲ ಸ್ಕ್ಯಾನಿನಲ್ಲಿ ಎಷ್ಟು ದೊಡ್ಡವಿದ್ದವೋ ಅಷ್ಟೇ ಇದ್ದವು. ಡಾಕ್ಟರು ಅಳೆದರು, ಮತ್ತೆ ಅಳೆದರು. ಡಾಕ್ಟರು ಎರಡೆರಡು ಸಲ ಅಳೆದರೆ ಏನರ್ಥ ಅನ್ನುವುದೂ ನನಗೆ ಗೊತ್ತಿತ್ತು. "ರಕ್ತದ ರಿಪೋರ್ಟು ಬರ್ಲಿ, ಮಧ್ಯಾಹ್ನ ಫೋನ್ ಮಾಡ್ತೀನಿ," ಅಂದರು.

ಕೆಲಸಕ್ಕೆ ಹೋದೆ. ಮಧ್ಯಾಹ್ನ ಫೋನ್ ಬಂದಾಗ ಲ್ಯಾಬಿನ ಹೊರಗಿನ ಓಣಿಯಲ್ಲಿ ನಿಂತು ಕೇಳಿಸಿಕೊಂಡೆ. ಮೊಟ್ಟೆಯ ಚೀಲಗಳು ಬೆಳೆಯುತ್ತಾ ಹೋದಂತೆ ಈಸ್ಟ್ರಡಯಾಲ್ ಅನ್ನುವ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಆ ಅಂಕಿ ಏರಿದರೆ ಒಳಗೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ನನ್ನ ಅಂಕಿ ಇದ್ದಲ್ಲಿಂದ ಅಲ್ಲಾಡಿರಲಿಲ್ಲ. "ಡೋಸ್ ಜಾಸ್ತಿ ಮಾಡಿ ಎರಡು ದಿನ ನೋಡೋಣ. ಆಗ್ಲೂ ಹೀಗೇ ಇದ್ರೆ ಇದನ್ನ ಇಲ್ಲಿಗೇ ನಿಲ್ಸೋದು ಒಳ್ಳೇದಮ್ಮ. ಮುಂದಿಂದು ಕೂತು ಮಾತಾಡೋಣ," ಅಂದರು. ಮುಂದಿನದು ಅಂದರೆ ಏನು ಅಂತ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ತಲೆಯ ಟೋಪಿ ಕೂಡ ತೆಗೆಯದೆ ಕೂತು ಅತ್ತುಬಿಟ್ಟೆ. ನನಗೆ ನನ್ನ ಮೈಯ ಮೇಲೇ ಸಿಟ್ಟು ಬಂತು. ಇಷ್ಟು ವರ್ಷ ತಿಂಗಳು ತಿಂಗಳೂ ತಪ್ಪದೆ ಹೊಟ್ಟೆ ಕಿವುಚಿ ನೋವು ಕೊಟ್ಟೆ, ಮನೆಯೊಳಗೇ ಹೊರಗೆ ಕೂರಿಸಿದೆ, ಕೊಡಬೇಕಾದ ಹೊತ್ತಲ್ಲಿ ಕೈ ಎತ್ತಿದೆಯಲ್ಲ, ನಿನಗೇನು ಕಮ್ಮಿ ಮಾಡಿದ್ದೆ ಅಂತ ಬೈದುಕೊಂಡೆ. ಬೇರೆ ಯಾರನ್ನಾದರೂ ಬೈಯಬಹುದಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲು ಯಾರೂ ಇರಲಿಲ್ಲ.

ಸಂಜೆ ಕಂಪನಿ ಬಸ್ಸಿಳಿದು ಮನೆಗೆ ಬಂದೆ. ಅತ್ತೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ನನ್ನ ಐದು ದಿನ ಮುಗಿದಿತ್ತಲ್ಲ, ನೆಟ್ಟಗೆ ಅಡುಗೆಮನೆಗೇ ಹೋಗಿ ಫ್ರಿಜ್ಜು ತೆಗೆದೆ. ಟೊಮೇಟೊ, ಮೊಸರು, ದೋಸೆ ಹಿಟ್ಟು, ಹಸಿಮೆಣಸಿನಕಾಯಿ. ಡಬ್ಬಿ ಇರಲಿಲ್ಲ.

"ಅತ್ತೆ, ಇಂಜೆಕ್ಷನ್ ಎಲ್ಲಿ?"

"ಅಲ್ಲೇ ಮ್ಯಾಲೈತೆ ನೋಡು."

ಫ್ರಿಜ್ಜಿನ ತಲೆಯ ಮೇಲೆ ನೋಡಿದೆ. ಹಳೇ ಕ್ಯಾಲೆಂಡರು ಇತ್ತು.

"ಅಲ್ಲಲ್ಲ ಕಣಮ್ಮಿ, ಒಳಗೆ. ಐಸ್ ಕಟ್ಟೋ ತಾವು."

ಫ್ರೀಜರಿನ ಬಾಗಿಲು ತೆಗೆದೆ. ಬೆಣ್ಣೆಯ ಬಟ್ಟಲಿನ ಪಕ್ಕದಲ್ಲಿ ಸ್ಟೀಲಿನ ಊಟದ ಡಬ್ಬಿ. ಮುಚ್ಚಳ ತೆಗೆದರೆ, ಸುತ್ತ ಐಸ್ ತುಂಡುಗಳನ್ನು ಒತ್ತಿ ತುಂಬಿ, ನಡುವೆ ನನ್ನ ಪೆನ್ನುಗಳನ್ನು ಮಲಗಿಸಿದ್ದರು. ಗಾಜಿನೊಳಗೆ ಔಷಧಿ ಬಿಳಿಯಾಗಿ ಹೆಪ್ಪುಗಟ್ಟಿತ್ತು. ಈ ಹಾರ್ಮೋನು ತಣ್ಣಗಿರಬೇಕು ನಿಜ, ಆದರೆ ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿ ಕರಗಿದರೆ ನೋಡಲು ನೀರಿನ ಹಾಗೆ ಇರುತ್ತದೆ, ಕೆಲಸ ಮಾಡುತ್ತದೆ ಅಂತ ನಂಬುವ ಹಾಗಿಲ್ಲ. ಇದನ್ನು ನನಗಿಂತ ಚೆನ್ನಾಗಿ ತಿಳಿದವರು ಆ ಊರಲ್ಲಿ ಯಾರೂ ಇರಲಿಲ್ಲ.

"ಅಯ್ಯೋ ಅತ್ತೆ! ಏನು ಮಾಡ್ಬಿಟ್ರಿ! ಇದನ್ನ ಯಾಕೆ ಇಲ್ಲಿಟ್ರಿ? ಯಾರು ಹೇಳಿದ್ರು ನಿಮ್ಗೆ? ಎಲ್ಲಾ ಹಾಳಾಗೋಯ್ತಲ್ಲ!"

ನನ್ನ ಕೂಗಿಗೆ ಬಾಡಿಗೆ ಹುಡುಗನೊಬ್ಬ ಬಾಗಿಲಿಗೆ ಬಂದು ನೋಡಿ ಹೋದ. ಅತ್ತೆ ಕೈಯಲ್ಲಿ ಬತ್ತಿ ಹಿಡಿದುಕೊಂಡು ಹಾಗೇ ನಿಂತಿದ್ದರು.

"ಬಿಸಿ ತಗುಲಿದ್ರೆ ಸತ್ತೋಯ್ತದೆ ಅಂದ್ಯಲ್ಲವ್ವಾ. ಅದ್ಕೇ ಐಸ್‌ನಾಗಿಟ್ಟೆ."

"ಅಂತ ಐಸಲ್ಲಿ ಹೂತಿಡೋದಾ?"

"ನಮ್ ಸೀಮೆ ಅಸಗಳಿಗೆ..." ಅಂತ ಶುರು ಮಾಡಿ ನಿಲ್ಲಿಸಿದರು. ನಾನು ಬಿಡಲಿಲ್ಲ. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದರು. "ಅಸ ಬೆದೆಗೆ ಬಂದಾಗ ಪಶು ಡಾಕ್ಟ್ರು ಬತ್ತಿದ್ರು. ಗಾಡಿ ಮ್ಯಾಲೆ ಒಂದು ಕ್ಯಾನು. ಮುಚ್ಚಳ ತೆಗೆದ್ರೆ ಬೆಳ್ಳಗೆ ಒಗೆ. ಅದ್ರೊಳಗೆ ಕಡ್ಡಿ ಕಡ್ಡಿ ಇರ್ತಿತ್ತು, ಅದ್ರಾಗೆ ಬೀಜ. ಒಂಚೂರು ಬಿಸಿ ತಗುಲಿದ್ರೂ ಬೀಜ ಸತ್ತೋಯ್ತದೆ ಕಣಮ್ಮ, ಮುಟ್ಬ್ಯಾಡ ಅನ್ನೋರು. ಆಮ್ಯಾಕೆ ನಂತಾವೇ ಉಗುರು ಬೆಚ್ಚಗಿನ ನೀರು ಕೇಳಿ, ಅದ್ರಾಗೆ ಅದ್ದಿ, ಒರೆಸಿ, ಕೊಡೋರು. ಒಂದು ಅಸನೂ ಸುಳ್ಳಾಗ್ಲಿಲ್ಲ. ಎಲ್ಲಾ ಗಬ್ಬ ಆದ್ವು. ಅಂಗೇ ಇದೂ ಅಂತ..."

ಆಗ ನನಗೆ ಎಲ್ಲ ಅರ್ಥವಾಯಿತು. ಪೆನ್ನು ಬೆಚ್ಚಗಿದ್ದದ್ದು, ಡಬ್ಬಿ ಒದ್ದೆಯಾಗಿದ್ದದ್ದು. ದಿನವೂ ಸಂಜೆ ಅತ್ತೆ ಚೊಂಬಿನಲ್ಲಿ ಉಗುರು ಬೆಚ್ಚಗಿನ ನೀರು ಕಾಯಿಸಿ, ಹೆಪ್ಪುಗಟ್ಟಿದ ಪೆನ್ನನ್ನು ಅದರಲ್ಲಿ ಕರಗಿಸಿ, ಸೆರಗಿನಲ್ಲಿ ಒರೆಸಿ ತರುತ್ತಿದ್ದರು. ಮೂವತ್ತು ವರ್ಷ ಹಸು ಸಾಕಿದ ಹೆಂಗಸು, ಅವರಿಗೆ ಗೊತ್ತಿದ್ದ ಅತ್ಯಂತ ಎಚ್ಚರದ ಕೆಲಸವನ್ನು ನನಗಾಗಿ ಮಾಡಿದ್ದರು.

"ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ನಿನ್ನ ಅಸೂಗೆ ಓಲಿಸ್ದೆ ಅಂತ ಬ್ಯಾಸರ ಮಾಡ್ಕೊಂಡೀಯ ಅಂತ ಏಳ್ಲಿಲ್ಲ."

ನಗು ಬಂತು. ಅಳುತ್ತಲೇ ನಕ್ಕೆ. ಅತ್ತೆಗೆ ನಗುವುದೋ ಅಳುವುದೋ ತಿಳಿಯಲಿಲ್ಲ. "ಮಗೀನ ನನ್ ಕೈಯಾರೆ ಸಾಯಿಸ್ಬಿಟ್ನಾ?" ಅಂತ ಕೇಳಿದರು. ಆ ದನಿ ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ಮಗು ಇನ್ನೂ ಎಲ್ಲಿದೆ ಅತ್ತೆ ಸಾಯೋಕೆ? ಕೂತ್ಕೊಳ್ಳಿ," ಅಂದು ಫೋನ್ ಎತ್ತಿಕೊಂಡೆ.

ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡೆ. "ಅಂದ್ರೆ," ಅಂದರು ನಿಧಾನವಾಗಿ, "ನಿಮ್ಮ ಓವರಿ ಸ್ಪಂದಿಸ್ಲಿಲ್ಲ ಅಂತ ಹೇಳೋ ಹಾಗೇ ಇಲ್ಲ. ಅದಕ್ಕೆ ಔಷಧಿ ಮುಟ್ಟಿದ್ರೆ ತಾನೆ? ಬೆಳಗ್ಗಿನ ಸ್ಕ್ಯಾನಲ್ಲಿ ಚೀಲಗಳು ಎಲ್ಲಾ ಹಾಗೇ ಇವೆ. ಹೊಸ ಪೆನ್ನು ತಗೊಂಡು ಇವತ್ತಿಂದ ಹೊಸದಾಗಿ ಶುರು ಮಾಡಿ. ನೋಡೇಬಿಡೋಣ."

ಫೋನಿಟ್ಟು ನಡುಮನೆಯಲ್ಲಿ ಕೂತೆ. ಮಧ್ಯಾಹ್ನವೆಲ್ಲ ಬೈದಿದ್ದೆನಲ್ಲ, ಆ ಮೈಯನ್ನು ಒಂದು ಸಲ ಸವರಿದೆ. ಅದು ಇಲ್ಲ ಅಂದಿರಲಿಲ್ಲ. ಅದನ್ನು ಯಾರೂ ಕೇಳಿಯೇ ಇರಲಿಲ್ಲ. ಒಂದು ಅಂಕಿ ಬಂದ ಕೂಡಲೇ ನಾನು ತಪ್ಪಿತಸ್ಥೆ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಲ್ಯಾಬಿನಲ್ಲಿ ಒಂದು ಮಾತ್ರೆ ಫೇಲಾದರೆ ಮೊದಲು ಮಿಶನ್ನು ನೋಡುತ್ತೇವೆ, ಆಮೇಲೆ ದ್ರಾವಣ ನೋಡುತ್ತೇವೆ, ಎಲ್ಲ ನೋಡಿದ ಮೇಲೆ ಮಾತ್ರೆಯ ಮೇಲೆ ಅನುಮಾನ. ಆ ನ್ಯಾಯ ನನ್ನ ಮೈಗೆ ಸಿಕ್ಕಿರಲಿಲ್ಲ, ಕೊಡದವಳು ನಾನೇ. ಹೆಂಗಸರು ಹೆಚ್ಚಿನವರು ಹೀಗೇ ಅಂತ ಕಾಣುತ್ತದೆ. ಮಗುವಿನ ವಿಷಯ ಬಂದರೆ ಸಾಕು, ಮೊದಲ ಬೆರಳು ನಮ್ಮ ಹೊಟ್ಟೆಯ ಕಡೆಗೇ ತಿರುಗುತ್ತದೆ, ಅದೂ ನಮ್ಮದೇ ಬೆರಳು.

ಗಂಡ ಶಿಫ್ಟಿನ ನಡುವೆಯೇ ಅನುಮತಿ ಕೇಳಿಕೊಂಡು ಹೊಸ ಪೆನ್ನು ತಂದುಕೊಟ್ಟು ಹೋದ. ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ ನಾನೇ ಇಟ್ಟೆ. ಇಂಜೆಕ್ಷನ್ ತೆಗೆದುಕೊಂಡು ಅತ್ತೆಯನ್ನು ಊಟಕ್ಕೆ ಕರೆಯಲು ಹೋದರೆ, ಅವರು ಹಿಂದಿನ ಕೊಟ್ಟಿಗೆಯಲ್ಲಿ, ಬೈಕುಗಳ ಸಂದಿಯಲ್ಲಿ, ಆ ಗೂಟದ ಕೆಳಗೆ ಕೂತಿದ್ದರು. ಊಟ ಬೇಡವೆಂದರು. "ನೀವು ಊಟ ಬಿಟ್ರೆ ನಾನೂ ಬಿಡ್ತೀನಿ. ನಾನು ಬಿಟ್ರೆ ಒಳಗಿರೋದು ಬೆಳೆಯಲ್ಲ. ಆಮೇಲೆ ನನ್ನ ಕೇಳ್ಬೇಡಿ," ಅಂದೆ. ಎದ್ದು ಬಂದರು. ಮದುವೆಯಾದ ಮೇಲೆ ಅವರ ಉಪವಾಸವನ್ನು ನಾನು ಗೆದ್ದಿದ್ದು ಅದೇ ಮೊದಲು.

ಈ ಸಲ ಅಂಕಿ ಏರಿತು. ಮೊದಲು ಅಳುಕುತ್ತಾ, ಆಮೇಲೆ ಧೈರ್ಯವಾಗಿ. ಪರದೆಯ ಮೇಲೆ ಒಂದೆರಡು ಚೀಲಗಳು ಕಣ್ಣಿಗೆ ಕಾಣುವಂತೆ ದುಂಡಗಾದವು, ಅವುಗಳ ಹಿಂದೆ ಇನ್ನೂ ಒಂದೆರಡು. ಹೊಟ್ಟೆ ನಿಜಕ್ಕೂ ಭಾರವಾಯಿತು, ಬಸ್ಸು ಗುಂಡಿಗೆ ಬಿದ್ದಾಗ ಅಮ್ಮಾ ಅನ್ನುವಷ್ಟು. ಆ ನೋವಿಗೆ ಅಷ್ಟು ಸಂತೋಷಪಟ್ಟವಳು ಆ ಬಸ್ಸಿನಲ್ಲಿ ನಾನೊಬ್ಬಳೇ ಇರಬೇಕು. ಮೊಟ್ಟೆ ಹೊತ್ತಿಗೆ ಮುಂಚೆ ಜಾರದಂತೆ ತಡೆಯಲು ಇನ್ನೊಂದು ಇಂಜೆಕ್ಷನ್ನು, ಕೊನೆಗೆ ಅವು ಪೂರ್ತಿ ಮಾಗಲು ಮತ್ತೊಂದು. ಆಮೇಲೆ ಒಂದು ಬೆಳಿಗ್ಗೆ ಅರಿವಳಿಕೆ ಕೊಟ್ಟು ಮೊಟ್ಟೆ ತೆಗೆದರು. ಸಿಕ್ಕಿದ್ದು ಬೆರಳೆಣಿಕೆಯಷ್ಟು. ಕ್ಲಿನಿಕ್ಕಿನ ಲ್ಯಾಬಿನಲ್ಲಿ ಅವನ್ನು ಗಂಡನ ವೀರ್ಯದ ಜೊತೆ ಕೂಡಿಸಿಟ್ಟರು. ದಿನದಿನಕ್ಕೂ ಒಂದೊಂದೇ ಕೈಬಿಡುತ್ತಾ ಬಂದು, ಕಡೆಗೆ ಒಂದು ಭ್ರೂಣ ಉಳಿಯಿತು. ಒಂದೇ ಒಂದು. ಆದರೆ ಗಟ್ಟಿಯಾಗಿತ್ತು.

ಅದನ್ನು ಅವತ್ತೇ ಗರ್ಭಕ್ಕೆ ಸೇರಿಸುತ್ತಾರೆ ಅಂದುಕೊಂಡು ಅತ್ತೆ ಹೊಸ ಸೀರೆ ಉಟ್ಟು ನಮ್ಮ ಜೊತೆ ಹೊರಟಿದ್ದರು. ಅಲ್ಲಿ ಡಾಕ್ಟರು ಬೇರೆ ಮಾತು ಹೇಳಿದರು. ನನ್ನ ರಕ್ತದಲ್ಲಿ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನು ಬೇಗನೇ ಏರಿಬಿಟ್ಟಿತ್ತಂತೆ. ಹಾಗಾದರೆ ಗರ್ಭದ ಒಳಪದರ ಮುಂದೆ ಓಡಿರುತ್ತದೆ, ಭ್ರೂಣ ಹಿಂದೆ ಉಳಿದಿರುತ್ತದೆ, ಎರಡಕ್ಕೂ ಹೊಂದುವುದಿಲ್ಲ. "ಈಗ ಬೇಡ. ಭ್ರೂಣನ ಫ್ರೀಜ್ ಮಾಡಿ ಜೋಪಾನವಾಗಿ ಇಟ್ಟಿರ್ತೀವಿ. ಮುಂದಿನ ಸಲ ಮುಟ್ಟಾದ ಎರಡನೇ ದಿನ ಬನ್ನಿ, ಮಾತ್ರೆ ಕೊಟ್ಟು ಒಳಪದರ ಸಿದ್ಧ ಮಾಡೋಣ."

'ಫ್ರೀಜ್' ಅನ್ನುವ ಶಬ್ದ 'ಫ್ರಿಜ್ಜಿ'ಗೆ ಹತ್ತಿರವಾಗಿ ಕೇಳಿದ್ದೇ ತಡ, ಅತ್ತೆಯ ಮುಖ ಬಿಳುಚಿಕೊಂಡಿತು. "ಬ್ಯಾಡ ಕಣಮ್ಮ, ಐಸ್‌ನಾಗೆ ಇಡಬ್ಯಾಡಿ, ಒಂದ್ಸಲ ನಾನೇ ಕೆಡಿಸ್ದೆ," ಅಂದರು ಡಾಕ್ಟರಿಗೆ. ಡಾಕ್ಟರು ಅವರನ್ನು ಓಣಿಯ ಕೊನೆಗೆ ಕರೆದುಕೊಂಡು ಹೋದರು. ಗಾಜಿನಾಚೆಯ ಕೋಣೆಯಲ್ಲಿ ದಪ್ಪ ಕೈಗವಸು ತೊಟ್ಟ ಒಬ್ಬಾಕೆ ಎತ್ತರದ ಕ್ಯಾನಿನ ಮುಚ್ಚಳ ಎತ್ತಿದಳು. ಬೆಳ್ಳಗೆ ಹೊಗೆ ಉಕ್ಕಿ ನೆಲದ ಮೇಲೆ ಹರಿಯಿತು.

"ಅಗೋ!" ಅಂತ ಅತ್ತೆ ಕೂಗಿಯೇಬಿಟ್ಟರು. ಕಾಯುತ್ತಾ ಕೂತಿದ್ದವರೆಲ್ಲ ತಿರುಗಿ ನೋಡಿದರು. "ಅದೇ ಕ್ಯಾನು! ಅದೇ ಕಣೋ ಮಗಾ, ನಮ್ಮ ಡಾಕ್ಟ್ರು ತರ್ತಿದ್ದ ಕ್ಯಾನು! ನೋಡ್ದಾ, ನಾ ಏಳಿದ್ದು ಸುಳ್ಳಾ?"

ಸುಳ್ಳಾಗಿರಲಿಲ್ಲ. ನಮ್ಮ ಕೊಟ್ಟಿಗೆಗೆ ಬರುತ್ತಿದ್ದ ದ್ರವ ಸಾರಜನಕವೇ ಇಲ್ಲಿಯೂ ಹೊಗೆಯಾಡುತ್ತಿತ್ತು. ಔಷಧಿಗೆ ಸಲ್ಲದ ಚಳಿ ಜೀವಕ್ಕೆ ಸಲ್ಲುತ್ತದೆ. ಓದಿದ ನನಗೂ ಇದು ವಿಚಿತ್ರ ಅನಿಸುತ್ತದೆ, ಅವರು ಗೊಂದಲಕ್ಕೆ ಬಿದ್ದದ್ದರಲ್ಲಿ ಆಶ್ಚರ್ಯವೇನು? ಗಂಡ ಕಿಸಕ್ಕನೆ ನಕ್ಕ, ನಾನೂ ನಕ್ಕೆ. ಅತ್ತೆ ಮಾತ್ರ ಗಾಜಿಗೆ ಕೈಯೂರಿ ನೋಡುತ್ತಲೇ ಇದ್ದರು. ಹೆಮ್ಮೆ ಮೆಲ್ಲಗೆ ಮುಖದಿಂದ ಇಳಿಯಿತು.

"ಎಷ್ಟು ದಿನ ಇರ್ಬೋದು ಅದ್ರೊಳಗೆ?" ಅಂತ ಕೇಳಿದರು.

"ಬೇಕಾದ್ರೆ ವರ್ಷಗಟ್ಟಲೆ ಇರುತ್ತಮ್ಮ," ಅಂದರು ಡಾಕ್ಟರು.

"ಚಳಿ ಆಗಲ್ವಾ ಅದ್ಕೆ?"

ಡಾಕ್ಟರು ನಗಲಿಲ್ಲ. ಅದಕ್ಕೆ ಇನ್ನೂ ಏನೂ ಗೊತ್ತಾಗಲ್ಲಮ್ಮ ಅಂದರು. ಅತ್ತೆ ಹೂಂಗುಟ್ಟಿದರು, ನಂಬಿದ ಹಾಗೆ ಕಾಣಲಿಲ್ಲ. ಬರುವಾಗ ಆಟೋದಲ್ಲಿ, ಚಂದಾಪುರ ದಾಟುವಾಗ ಸುಡು ಬಿಸಿಲಲ್ಲಿ ಸೆರಗು ಹೊದ್ದುಕೊಂಡು ಕೂತಿದ್ದರು.

ಮತ್ತೆ ಮುಟ್ಟಾಯಿತು. ಜೀವನದಲ್ಲಿ ಮೊದಲ ಸಲ ನಾನು ಅದಕ್ಕಾಗಿ ಆಸೆಯಿಂದ ಕಾದಿದ್ದೆ. ಈಗ ಗಂಡನಿಗೆ ಫಸ್ಟ್ ಶಿಫ್ಟು, ಬೆಳಿಗ್ಗೆಯೇ ಕೆಲಸಕ್ಕೆ ಹೋಗಿಯಾಗಿತ್ತು. ನಾಳೆ ಕ್ಲಿನಿಕ್ಕು. ಈ ಸಲ ಬರೀ ಮಾತ್ರೆ, ಫ್ರಿಜ್ಜಿನ ಹಂಗಿಲ್ಲ. ಹೊರಗಾಗಿದ್ದೀನತ್ತೆ ಅಂತ ನಡುಮನೆಯಿಂದಲೇ ಕೂಗಿ, ಎಂದಿನ ಹಾಗೆ ಸ್ಟೂಲಿನ ಪಕ್ಕ ಕೂತು ಕಾಫಿಗೆ ಕಾದೆ.

ಕಾಫಿ ಬರಲಿಲ್ಲ. ಅತ್ತೆಯೇ ಬಂದು ಹೊಸ್ತಿಲ ಮೇಲೆ ನಿಂತರು, ಬರಿಗೈಯಲ್ಲಿ. ಒಳಗೆ ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಅವರು ಒಂದು ಸಲ ಅದರ ಕಡೆ ನೋಡಿದರು, ಒಂದು ಸಲ ನನ್ನ ಕಡೆ.

"ಎದ್ದು ಬಾ ಒಳಕ್ಕೆ."

"ಅತ್ತೆ, ನಾನು ಹೊರಗಾಗಿದ್ದೀನಿ ಅಂದ್ನಲ್ಲ."

"ಕೇಳಿಸ್ತು. ಅಲ್ಲಿ ಒಂದು ಜೀವ ಆ ಚಳೀಲಿ ಆಚೆ ಕುಂತೈತೆ. ಅದ್ರ ತಾಯೀನೂ ಆಚೆ ಕೂರಿಸ್ಲಾ ನಾನು? ನನ್ ಕೈಲಾಗಲ್ಲ," ಅಂದು, ಹೊಸ್ತಿಲು ದಾಟಿ ಬಂದು ನನ್ನ ರಟ್ಟೆ ಹಿಡಿದರು.

ತಾಯಿ ಅಂತ ನನ್ನನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. ಕಣ್ಣು ಮಂಜಾಗಿ ಹೊಸ್ತಿಲು ಎಡವಿದೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಅತ್ತೆ ನನ್ನ ಕೈ ಬಿಡಲಿಲ್ಲ, ನಾನೇ ಇನ್ನೊಂದು ಕೈ ಚಾಚಿ ಒಲೆ ಆರಿಸಿದೆ.